ಮಳೆನೀರಿನ ಹಸಿರು ನಿರ್ವಹಣೆಯಲ್ಲಿ ಸಸ್ಯಗಳು

ಚಾವಣಿ, ರಸ್ತೆ, ಅಂಗಳಗಳ ಮೇಲೆ ಬಿದ್ದ ಮಳೆನೀರನ್ನು ಚರಂಡಿಗೆ ತಳ್ಳಿ ಆದಷ್ಟು ಬೇಗ ಊರಾಚೆ ಸಾಗಿಸುವುದು ನಗರಗಳ ರೂಢಿ. ಅದರ ಬದಲು ನೀರನ್ನು ಬಿದ್ದ ಜಾಗದ ಆಸುಪಾಸಿನಲ್ಲೇ ತಡೆದು, ಮಣ್ಣು ಮತ್ತು ಗಿಡಮರಗಳ ನೆರವಿನಿಂದ ಇಂಗಿಸುವ, ಸೋಸುವ, ಆವಿಯಾಗಿಸುವ ಪದ್ಧತಿಗೆ ಮಳೆನೀರಿನ ಹಸಿರು ನಿರ್ವಹಣೆ ಎನ್ನುತ್ತಾರೆ. ಮಳೆತೋಟ, ಹುಲ್ಲುಗಾಲುವೆ, ಹಸಿರು ಚಾವಣಿ, ರಸ್ತೆಬದಿಯ ಮರದ ಗುಂಡಿ, ಕೃತಕ ಜೌಗು, ಕೆರೆಯ ಮೇಲಿನ ತೇಲುತೋಟ ಇವೆಲ್ಲ ಇದರ ರೂಪಗಳು. ಅಮೆರಿಕದಲ್ಲಿ ಇದು ‘ಲೋ ಇಂಪ್ಯಾಕ್ಟ್ ಡೆವಲಪ್‌ಮೆಂಟ್’, ಆಸ್ಟ್ರೇಲಿಯಾದಲ್ಲಿ ‘ವಾಟರ್ ಸೆನ್ಸಿಟಿವ್ ಅರ್ಬನ್ ಡಿಸೈನ್’, ಚೀನಾದಲ್ಲಿ ‘ಸ್ಪಂಜು ನಗರ’. ಹೆಸರು ಯಾವುದೇ ಇರಲಿ, ಎಲ್ಲ ಕಡೆಯೂ ದುಡಿಯುವುದು ಮಣ್ಣು, ಸೂಕ್ಷ್ಮಜೀವಿ, ಸಸ್ಯ ಈ ಮೂರರ ಕೂಟ. ನೀರನ್ನು ಹಿಡಿಯುವ, ಸೋಸುವ ಕೆಲಸದಲ್ಲಿ ದೊಡ್ಡ ಪಾಲು ನೇರವಾಗಿ ಮಣ್ಣಿನದೇ. ಆ ಮಣ್ಣು ಒಂದೆರಡು ವರ್ಷಕ್ಕೆ ಕಟ್ಟಿಕೊಂಡು ಕೆಡದೆ ಬಹುಕಾಲ ಕೆಲಸ ಮಾಡುವಂತೆ ಕಾಯುವುದು ಸಸ್ಯ. ಈ ಕಾಯುವ ಕೆಲಸ ಬಹುಮಟ್ಟಿಗೆ ನಡೆಯುವುದು ಮಳೆ ಸುರಿಯುವಾಗ ಅಲ್ಲ, ಎರಡು ಮಳೆಗಳ ನಡುವಿನ ಬಿಡುವಿನಲ್ಲಿ.

ಹಿನ್ನೆಲೆ

ಕಟ್ಟಡಗಳಿಲ್ಲದ, ಗಿಡಮರಗಳಿರುವ ನೆಲದಲ್ಲಿ ಮಳೆಯ ಸುಮಾರು ಶೇ. 10 ಭಾಗ ಮಾತ್ರ ಮೇಲ್ಮೈಯಲ್ಲಿ ಹರಿದುಹೋಗುತ್ತದೆ, ಶೇ. 50 ಇಂಗುತ್ತದೆ, ಶೇ. 40 ಆವಿಯಾಗಿ ಗಾಳಿಗೆ ಮರಳುತ್ತದೆ. ನೆಲದ ಮುಕ್ಕಾಲು ಪಾಲಿಗೂ ಹೆಚ್ಚು ಕಾಂಕ್ರೀಟು ಡಾಂಬರುಗಳಡಿ ಸೇರಿದಾಗ ಹರಿವು ಶೇ. 55ಕ್ಕೆ ಏರಿ, ಇಂಗುವಿಕೆ ಶೇ. 15ಕ್ಕೆ ಕುಸಿಯುತ್ತದೆ. ಅಮೆರಿಕದ ಪರಿಸರ ಇಲಾಖೆಯ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬರುವ ಈ ಲೆಕ್ಕ ಒಂದು ಸ್ಥೂಲ ಅಂದಾಜು. ಮಣ್ಣು, ಇಳಿಜಾರು, ಮಳೆಯ ಬಿರುಸು ಬದಲಾದಂತೆ ಅಂಕಿಗಳೂ ಬದಲಾಗುತ್ತವೆ. ಆದರೆ ಕಾಂಕ್ರೀಟು ಬಂದ ಕಡೆ ನಷ್ಟವಾಗುವುದು ಇಂಗುವಿಕೆ ಮತ್ತು ಆವಿ ಎಂಬ ಎರಡು ಹಾದಿಗಳು, ಎರಡಕ್ಕೂ ಬಾಗಿಲು ತೆರೆಯುವುದು ಸಸ್ಯ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಸಸ್ಯಗಳಿಂದ ನೀರು ಶುದ್ಧಿ ಮಾಡುವ ವೈಜ್ಞಾನಿಕ ಪ್ರಯತ್ನಕ್ಕೆ 1950ರ ದಶಕದಲ್ಲಿ ನಾಂದಿ ಹಾಡಿದವರು ಜರ್ಮನಿಯ ಪ್ಲೋನ್‌ನಲ್ಲಿದ್ದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕೇಟ ಜೈಡೆಲ್. ಕೆರೆಯಂಚಿನ ಜೊಂಡಿನ ಜಾತಿಯ ಗಿಡಗಳು ಕೊಳೆನೀರನ್ನು ತಡೆದುಕೊಂಡು ಬೆಳೆಯುವುದಷ್ಟೇ ಅಲ್ಲ, ಅದನ್ನು ತಿಳಿಯಾಗಿಸುತ್ತವೆ ಎಂದು ಅವರು ತೋರಿಸಿದರು. ಮಳೆನೀರಿಗೆಂದೇ ಗಿಡ ನೆಟ್ಟ ಗುಂಡಿಗಳ ವಿನ್ಯಾಸ ರೂಪುಗೊಂಡದ್ದು 1990ರ ದಶಕದ ಆರಂಭದಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ. ಮನೆಯ ಮುಂದಿನ ತಗ್ಗಿನಲ್ಲಿ ಗಿಡ ನೆಟ್ಟು ಚಾವಣಿಯ ನೀರನ್ನು ಅಲ್ಲಿಗೆ ತಿರುಗಿಸುವ ಮಳೆತೋಟ ಅಲ್ಲಿಂದ ಹಬ್ಬಿತು.

ಸಿಯಾಟಲ್ ನಗರ 2001ರಲ್ಲಿ ಒಂದು ಬಡಾವಣೆ ರಸ್ತೆಯನ್ನು ಕಿರಿದಾಗಿಸಿ, ಅಂಕುಡೊಂಕು ಮಾಡಿ, ಎರಡೂ ಬದಿಗೆ ಹುಲ್ಲುಗಾಲುವೆ ತೋಡಿ, ನೂರಕ್ಕೂ ಹೆಚ್ಚು ನಿತ್ಯಹರಿದ್ವರ್ಣ ಮರಗಳನ್ನೂ ಸುಮಾರು 1,100 ಪೊದೆಗಳನ್ನೂ ನೆಟ್ಟಿತು. ಎರಡು ವರ್ಷ ಅಳೆದಾಗ ಆ ರಸ್ತೆಯಿಂದ ಹೊರಹೋಗುವ ಮಳೆನೀರು ಶೇ. 99ರಷ್ಟು ಇಳಿದಿತ್ತು. ಈ ಅಂಕಿಯನ್ನು ಎಲ್ಲೆಡೆ ಉಲ್ಲೇಖಿಸುತ್ತಾರೆ. ಜೊತೆಗಿರುವ ಷರತ್ತನ್ನು ಅಷ್ಟಾಗಿ ಹೇಳುವುದಿಲ್ಲ. ಸಿಯಾಟಲ್‌ನ ವಾರ್ಷಿಕ ಮಳೆಗೂ ಬೆಂಗಳೂರಿನ ವಾರ್ಷಿಕ ಮಳೆಗೂ ದೊಡ್ಡ ಅಂತರವಿಲ್ಲ, ಎರಡೂ 1,000 ಮಿ.ಮೀ.ಗೆ ತುಸು ಕಡಿಮೆ. ಆದರೆ ಅಲ್ಲಿನದು ತಿಂಗಳುಗಟ್ಟಲೆ ಹನಿಯುವ ಜಿಟಿಜಿಟಿ ಮಳೆ. ಇಲ್ಲಿ ಒಂದೇ ಸಂಜೆಯ ಗುಡುಗುಮಳೆ ಇಡೀ ತಿಂಗಳ ಪಾಲನ್ನು ಸುರಿದು ಹೋಗಬಲ್ಲದು. ಮಳೆಯ ಮೊತ್ತ ಒಂದೇ ಆದರೂ ಗಿಡಗಳ ಮುಂದಿರುವ ಕೆಲಸ ಒಂದೇ ಅಲ್ಲ.

ಎಲೆ, ಬೇರು, ನೀರು

ಮಳೆಹನಿ ಮೊದಲು ಮುಟ್ಟುವುದು ಎಲೆಯನ್ನು. ಎಲೆ, ಕೊಂಬೆ, ತೊಗಟೆಗಳು ಒದ್ದೆಯಾಗಿ ಹಿಡಿದಿಟ್ಟುಕೊಳ್ಳುವ ನೀರು ನೆಲ ತಲುಪದೆ ಅಲ್ಲಿಂದಲೇ ಆವಿಯಾಗುತ್ತದೆ. ದಟ್ಟ ಮರವೊಂದು ಒಂದು ಸಲಕ್ಕೆ ಹೀಗೆ ಹಿಡಿಯಬಲ್ಲದ್ದು ಒಂದೆರಡು ಮಿಲಿಮೀಟರಿನಷ್ಟು ಮಳೆ. ತುಂತುರಾದರೆ ಬಹುಪಾಲು ಮರದಲ್ಲೇ ಉಳಿಯುತ್ತದೆ, 70 ಮಿ.ಮೀ. ಜಡಿಮಳೆಯಲ್ಲಿ ಆ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಪ್ರವಾಹ ತಡೆಯುವುದರಲ್ಲಿ ಮರದ ತಲೆಯ ಪಾತ್ರವನ್ನು ದೊಡ್ಡದು ಮಾಡಿ ಹೇಳುವುದು ಸರಿಯಲ್ಲ. ಹನಿಯ ಏಟನ್ನು ಮುರಿದು ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಅದರ ಇನ್ನೊಂದು ಕೆಲಸ. ಇದರಲ್ಲೂ ಎಚ್ಚರ ಬೇಕು. ತೇಗದಂಥ ಅಗಲ ಎಲೆಯ ಎತ್ತರದ ಮರದಲ್ಲಿ ಸಣ್ಣ ಹನಿಗಳು ಕೂಡಿ ದಪ್ಪ ಹನಿಯಾಗಿ, ತೆರೆದ ಬಯಲಿನ ಮಳೆಗಿಂತ ಜೋರಾಗಿ ನೆಲಕ್ಕೆ ಬಡಿಯುತ್ತವೆ. ಅಡಿಯಲ್ಲಿ ತರಗೆಲೆಯೂ ಕುರುಚಲೂ ಇಲ್ಲದ ತೇಗದ ನೆಡುತೋಪುಗಳಲ್ಲಿ ಮಣ್ಣು ಸವೆದು ಬೇರು ಹೊರಬಿದ್ದಿರುವುದು ಇದರಿಂದಲೇ. ಮರವನ್ನಷ್ಟೇ ನೆಟ್ಟು ಬುಡವನ್ನು ಗುಡಿಸಿ ಬೋಳು ಮಾಡುವ ನಗರದ ಪದ್ಧತಿ ಮಳೆನೀರಿನ ಮಟ್ಟಿಗೆ ಅರ್ಧ ಕೆಲಸ.

ಮಳೆ ನಿಂತ ಮೇಲೆ ಬಾಷ್ಪವಿಸರ್ಜನೆ ಶುರುವಾಗುತ್ತದೆ. ಬೇರು ಮಣ್ಣಿನ ನೀರನ್ನು ಹೀರಿ, ಎಲೆಯ ರಂಧ್ರಗಳ ಮೂಲಕ ಗಾಳಿಗೆ ಬಿಡುತ್ತದೆ. ಮಣ್ಣಿನೊಳಗಿನ ಸೂಕ್ಷ್ಮ ಸಂದುಗಳು ಹೀಗೆ ಖಾಲಿಯಾದಾಗಲೇ ಮುಂದಿನ ಮಳೆಗೆ ಜಾಗ. ಗಿಡವಿಲ್ಲದ ಮರಳುಗುಂಡಿಯಲ್ಲಿ ಮೇಲಿನ ಕೆಲವು ಸೆಂಟಿಮೀಟರು ಮಾತ್ರ ಬಿಸಿಲಿಗೆ ಒಣಗುತ್ತದೆ. ಬೇರು ಇಳಿದ ಗುಂಡಿ ಬೇರಿನ ಆಳದವರೆಗೂ ಒಣಗುತ್ತದೆ. ಬಿಸಿಲಿರುವ ದಿನ ಇದೇ ಕ್ರಿಯೆ ಸುತ್ತಲಿನ ಗಾಳಿಯನ್ನೂ ತಂಪಾಗಿಸುತ್ತದೆ. ಮೋಡ ಮುಸುಕಿದ, ತೇವ ತುಂಬಿದ ಗಾಳಿಯಲ್ಲಿ ಅದು ಬಹುತೇಕ ನಿಂತುಹೋಗುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಮಂಗಳೂರಿನಂಥ ಊರಿನಲ್ಲಿ ಆಷಾಢದ ನಡುವೆ ಗಿಡ ಮಣ್ಣನ್ನು ಒಣಗಿಸುತ್ತದೆ ಎಂದು ನಂಬುವಂತಿಲ್ಲ. ಅಲ್ಲಿ ಗಿಡದಿಂದ ನಿರೀಕ್ಷಿಸಬಹುದಾದದ್ದು ಇಂಗುವ ದಾರಿಯನ್ನು ತೆರೆದಿಡುವುದು ಮತ್ತು ಮಣ್ಣನ್ನು ಹಿಡಿದಿಡುವುದು.

ಹಸಿರು ಚಾವಣಿಗಳಲ್ಲಿ ಇನ್ನೊಂದು ಬಗೆಯ ಇಕ್ಕಟ್ಟು ಎದುರಾಗುತ್ತದೆ. ಜರ್ಮನಿಯಿಂದ ಜಗತ್ತಿಗೆಲ್ಲ ಹಬ್ಬಿದ ತೆಳು ಚಾವಣಿತೋಟಗಳಲ್ಲಿ ಹತ್ತು ಸೆಂಟಿಮೀಟರಿನ ಆಸುಪಾಸಿನ ಹಗುರ ಮಣ್ಣು ಹಾಸಿ ಸೀಡಮ್ ಎಂಬ ರಸಭರಿತ ಎಲೆಯ ಗಿಡ ಬೆಳೆಸುತ್ತಾರೆ. ಬರ ಬಂದಾಗ ಸೀಡಮ್ ಹಗಲು ಎಲೆರಂಧ್ರ ಮುಚ್ಚಿ ರಾತ್ರಿ ತೆರೆದು ನೀರು ಉಳಿಸುತ್ತದೆ, ಹಾಗಾಗಿ ಸಾಯುವುದಿಲ್ಲ. ಆದರೆ ನೀರು ಉಳಿಸುವ ಗಿಡ ಮಣ್ಣನ್ನು ಬೇಗ ಖಾಲಿ ಮಾಡದು. ಬದುಕುಳಿಯುವ ಗುಣ ಹಾಗೂ ನೀರು ಹೀರುವ ಗುಣ ಒಂದಕ್ಕೊಂದು ವಿರುದ್ಧ ಎಂದೇ ಬಹುಕಾಲ ಭಾವಿಸಲಾಗಿತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಕ್ಲೇರ್ ಫ್ಯಾರೆಲ್ ಮತ್ತು ಸಂಗಡಿಗರು ಗ್ರಾನೈಟ್ ಬಂಡೆಗಳ ಮೇಲಿನ ತೆಳು ಮಣ್ಣಿನ ಗಿಡಗಳನ್ನು ಪರೀಕ್ಷಿಸಿ, ನೀರಿದ್ದಾಗ ಧಾರಾಳವಾಗಿ ಹೀರಿ ಇಲ್ಲದಾಗ ತಾಳಿಕೊಳ್ಳುವ ಜಾತಿಗಳೂ ಇವೆ ಎಂದು 2013ರಲ್ಲಿ ತೋರಿಸಿದರು. ಸಾವನದುರ್ಗ, ರಾಮನಗರ, ಚಿತ್ರದುರ್ಗದ ಬಂಡೆಗಳ ಮೇಲೂ ಅಂಥದೇ ತೆಳು ಮಣ್ಣು, ಅಂಥದೇ ನೆನೆದು ಒಣಗುವ ಬದುಕು. ದಕ್ಷಿಣ ಭಾರತದ ಚಾವಣಿಗಳಿಗೆ ತಕ್ಕ ಗಿಡ ಹುಡುಕುವವರು ಸೀಡಮ್ ತರಿಸುವ ಮೊದಲು ನೋಡಬೇಕಾದ ಜಾಗಗಳಿವು.

ಬೇರಿನ ಪಾತ್ರ ಎಲ್ಲಕ್ಕಿಂತ ಮುಖ್ಯ. ಮಳೆನೀರು ತನ್ನೊಂದಿಗೆ ನುಣ್ಣನೆಯ ಹೂಳು ತರುತ್ತದೆ. ಮೇಲ್ಮೈಯ ಸಂದುಗಳಲ್ಲಿ ಅದು ಕೂತು ಪದರಗಟ್ಟುತ್ತದೆ. ಗಿಡವಿಲ್ಲದ ಇಂಗುಗುಂಡಿಗಳು ಹಾಳಾಗುವುದು ಹೀಗೆಯೇ. ಬೇರು ಬೆಳೆಯುತ್ತ ಈ ಪದರವನ್ನು ಸೀಳುತ್ತದೆ, ಸತ್ತು ಕೊಳೆತ ಬೇರು ಕೊಳವೆಯಂಥ ದಾರಿ ಬಿಟ್ಟುಹೋಗುತ್ತದೆ, ಗಾಳಿಗೆ ತೂಗುವ ಕಾಂಡ ಬುಡದ ಸುತ್ತ ಸಣ್ಣ ಬಿರುಕು ಮೂಡಿಸುತ್ತದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಸೋಸುಗುಂಡಿಗಳ ಇಂಗುವ ವೇಗ 72 ವಾರಗಳಲ್ಲಿ ಸರಾಸರಿ 3.6 ಪಟ್ಟು ಕುಗ್ಗಿತು. ಅದನ್ನು ಕಾಪಾಡಿಕೊಂಡದ್ದು ಮುಖ್ಯವಾಗಿ ದಪ್ಪ ಬೇರಿನ ಮೆಲಲೂಕ ಎಂಬ ಪೊದೆಮರ ನೆಟ್ಟ ಗುಂಡಿಗಳು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯಂತ್ರಗಳಿಂದ ಗಟ್ಟಿಯಾಗಿ ತುಳಿದ ಮಣ್ಣನ್ನೂ ಓಕ್ ಮತ್ತು ಮೇಪಲ್ ಸಸಿಗಳ ಬೇರು ತೂರಿಹೋಗಿ, ಇಂಗುವ ವೇಗವನ್ನು ಸರಾಸರಿ ಶೇ. 153ರಷ್ಟು ಹೆಚ್ಚಿಸಿತು. ಜಲ್ಲಿ ಬೆರೆಸಿದ ಮಣ್ಣಿನಡಿ ಜೇಡಿಯ ಪದರವಿದ್ದ ಇನ್ನೊಂದು ಏರ್ಪಾಟಿನಲ್ಲಿ ಆ್ಯಶ್ ಮರ ನೆಟ್ಟ ಕಡೆ, ನೆಡದ ಕಡೆಗಿಂತ 27 ಪಟ್ಟು ವೇಗವಾಗಿ ನೀರು ಇಳಿಯಿತು. ಕಟ್ಟಡ ಮುಗಿದ ಮೇಲೆ ಲಾರಿ, ರೋಲರುಗಳಡಿ ಕಲ್ಲಿನಂತಾದ ನಿವೇಶನದ ಮಣ್ಣಿಗೆ ಈ ಫಲಿತಾಂಶದ ಬೆಲೆ ದೊಡ್ಡದು.

ಕೊಳೆ ಕಳೆಯುವ ಬಗೆ

ರಸ್ತೆಯ ಮೇಲೆ ಹರಿದ ಮೊದಲ ಮಳೆಯ ನೀರಿನಲ್ಲಿ ಧೂಳು, ಟೈರಿನ ಪುಡಿ, ಬ್ರೇಕಿನಿಂದ ಉದುರಿದ ತಾಮ್ರ, ಸತು, ಎಂಜಿನ್ ಎಣ್ಣೆ, ಗೊಬ್ಬರದ ಸಾರಜನಕ ರಂಜಕಗಳು, ಪ್ರಾಣಿಗಳ ಮಲದ ಬ್ಯಾಕ್ಟೀರಿಯಾ ಎಲ್ಲ ಇರುತ್ತವೆ. ಇವುಗಳಲ್ಲಿ ಪ್ರತಿಯೊಂದರ ಗತಿಯೂ ಬೇರೆ, ಸಸ್ಯದ ಪಾಲೂ ಬೇರೆ.

ಹೂಳಿನ ವಿಷಯ ಸರಳ. ಒತ್ತಾಗಿ ನಿಂತ ಹುಲ್ಲು ಹರಿವಿನ ವೇಗ ತಗ್ಗಿಸುತ್ತದೆ, ವೇಗ ತಗ್ಗಿದಲ್ಲಿ ಕಣ ಕೂರುತ್ತದೆ. ಲೋಹಗಳು ಬಹುಪಾಲು ಈ ಕಣಗಳಿಗೇ ಅಂಟಿಕೊಂಡು ಬಂದು ಮೇಲಿನ ಕೆಲವು ಸೆಂಟಿಮೀಟರು ಮಣ್ಣಿನಲ್ಲಿ ಉಳಿಯುತ್ತವೆ. ಗಿಡಗಳು ಲೋಹವನ್ನು ಹೀರಿ ತೆಗೆಯುತ್ತವೆ ಎಂಬ ಮಾತು ಜನಪ್ರಿಯವಾದರೂ, ಸಾಮಾನ್ಯ ಮಳೆತೋಟದಲ್ಲಿ ಗಿಡದ ಒಳಸೇರುವುದು ಒಟ್ಟು ಲೋಹದ ಸಣ್ಣ ಭಾಗ ಮಾತ್ರ. ಮೇಲ್ಮಣ್ಣನ್ನು ಹಲವು ವರ್ಷಕ್ಕೊಮ್ಮೆ ತೆಗೆದು ಬದಲಿಸುವುದಕ್ಕೆ ಪರ್ಯಾಯವಿಲ್ಲ.

ಸಸ್ಯವಿಲ್ಲದೆ ನಡೆಯದ ಕೆಲಸವೆಂದರೆ ಸಾರಜನಕದ್ದು. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ಮರಳಿನ ಸೋಸುವಿಕೆಗೆ ಸಿಕ್ಕುವುದಿಲ್ಲ. ಮೊನಾಶ್ ವಿಶ್ವವಿದ್ಯಾಲಯದಲ್ಲಿ 2000ರ ದಶಕದ ಕೊನೆಯಲ್ಲಿ ನಡೆದ ಪ್ರಯೋಗಸರಣಿ ಇದನ್ನು ಹತ್ತಿರದಿಂದ ತೋರಿಸಿತು. ಪ್ಲಾಸ್ಟಿಕ್ ಕೊಳವೆಗಳಲ್ಲಿ ಮಣ್ಣು ತುಂಬಿ, 125 ಪುಟ್ಟ ಸೋಸುಗಂಬಗಳನ್ನು ನಿಲ್ಲಿಸಿ, ಗಿಡ, ಮಣ್ಣು, ಆಳಗಳನ್ನು ಬದಲಿಸುತ್ತ, ಮಳೆನೀರನ್ನು ಹೋಲುವ ಕೊಳೆನೀರು ಸುರಿದು, ಅಡಿಯಿಂದ ಹೊರಬಂದದ್ದನ್ನು ಅಳೆದರು. ಗಿಡವಿಲ್ಲದ ಗಂಬಗಳಿಂದ ಒಳಹೋದುದಕ್ಕಿಂತ ಹೆಚ್ಚು ನೈಟ್ರೇಟ್ ಹೊರಬಂತು; ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡುತ್ತಿದ್ದವು, ಅದನ್ನು ಬಳಸುವವರು ಯಾರೂ ಇರಲಿಲ್ಲ. ಕ್ಯಾರೆಕ್ಸ್ ಅಪ್ರೆಸ್ಸ ಎಂಬ ತುಂಗೆಯ ಕುಟುಂಬದ ಹುಲ್ಲು ಹಾಗೂ ಮೆಲಲೂಕ ನೆಟ್ಟ ಗಂಬಗಳು ಶೇ. 70ರವರೆಗೆ ಸಾರಜನಕವನ್ನೂ ಶೇ. 85ರವರೆಗೆ ರಂಜಕವನ್ನೂ ತಡೆದವು. ಆದರೆ ಅದೇ ಪರೀಕ್ಷೆಯ ಬೇರೆ ಕೆಲವು ಗಿಡಗಳು, ಅವೂ ಆಸ್ಟ್ರೇಲಿಯಾದ ಸ್ವಂತ ಗಿಡಗಳೇ, ಬರಿಮಣ್ಣಿಗಿಂತ ಹೆಚ್ಚು ಉತ್ತಮವೇನೂ ಆಗಿರಲಿಲ್ಲ. ಇಪ್ಪತ್ತು ಜಾತಿಗಳನ್ನು ಹೋಲಿಸಿದ ಜೊತೆ ಅಧ್ಯಯನದಲ್ಲಿ ವ್ಯತ್ಯಾಸದ ಮೂಲ ಬೇರಿನಲ್ಲಿ ಸಿಕ್ಕಿತು: ಬೇರು ಎಷ್ಟು ಉದ್ದ, ಬೇರಿನ ಒಟ್ಟು ತೂಕ ಎಷ್ಟು ಎಂಬುದೇ ಗಿಡದ ಸೋಸುವ ಶಕ್ತಿಯನ್ನು ಬಹುಮಟ್ಟಿಗೆ ಹೇಳುತ್ತಿತ್ತು. ಸ್ಥಳೀಯ ಗಿಡವಾದರೆ ಸಾಕು ಎಂಬ ನಂಬಿಕೆಗೂ, ಯಾವ ಹಸಿರಾದರೂ ನಡೆಯುತ್ತದೆ ಎಂಬ ಉದಾಸೀನಕ್ಕೂ ಈ ಫಲಿತಾಂಶ ಸಮನಾಗಿ ಪೆಟ್ಟು ಕೊಟ್ಟಿತು.

ಗಿಡ ಹೀರಿದ ಸಾರಜನಕ ಗಿಡದಲ್ಲೇ ಉಳಿಯುತ್ತದೆ, ಎಲೆ ಉದುರಿದಾಗ ಮಣ್ಣಿಗೆ ಮರಳುತ್ತದೆ. ಪೂರ್ತಿ ಬಿಡುಗಡೆಯಾಗಬೇಕಾದರೆ ಅದು ಅನಿಲವಾಗಿ ಗಾಳಿ ಸೇರಬೇಕು, ಆ ಕೆಲಸ ಬ್ಯಾಕ್ಟೀರಿಯಾಗಳದು. ಅವುಗಳಲ್ಲಿ ಒಂದು ಪಂಗಡಕ್ಕೆ ಆಮ್ಲಜನಕ ಬೇಕು, ಇನ್ನೊಂದಕ್ಕೆ ಆಮ್ಲಜನಕ ಇರಬಾರದು. ಜೌಗುಗಿಡಗಳ ಬೇರು ಇವೆರಡನ್ನೂ ಒಂದೇ ಕಡೆ ಕೂಡಿಸುತ್ತದೆ. ಜೊಂಡು, ಲಾಳಕಡ್ಡಿ, ಭತ್ತ ಮೊದಲಾದವುಗಳ ಕಾಂಡದಲ್ಲಿ ಗಾಳಿಗೊಳವೆಗಳಿವೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನ ತುದಿಯಲ್ಲಿ ಸೋರಿ, ಕಪ್ಪು ಕೆಸರಿನ ನಡುವೆ ಬೇರಿನ ಸುತ್ತ ತೆಳುವಾದ ಗಾಳಿಯಾಡುವ ಪೊರೆ ಕಟ್ಟುತ್ತದೆ. ಗದ್ದೆಯಿಂದ ಭತ್ತದ ಪೈರನ್ನು ಕಿತ್ತಾಗ ಬೇರಿಗೆ ತುಕ್ಕಿನ ಬಣ್ಣದ ಲೇಪ ಕಾಣುವುದು ಈ ಆಮ್ಲಜನಕ ಕೆಸರಿನ ಕಬ್ಬಿಣಕ್ಕೆ ತಾಗಿದ ಗುರುತು. ಪೊರೆಯ ಒಳಗೆ ಅಮೋನಿಯ ನೈಟ್ರೇಟಾಗುತ್ತದೆ, ಕೆಲವೇ ಮಿಲಿಮೀಟರು ಆಚೆ ನೈಟ್ರೇಟ್ ಸಾರಜನಕ ಅನಿಲವಾಗುತ್ತದೆ. ಎರಡನೆಯ ಕ್ರಿಯೆಗೆ ಬೇಕಾದ ಇಂಗಾಲವನ್ನೂ ಬೇರೇ ಒದಗಿಸುತ್ತದೆ. ಮಳೆತೋಟಗಳಲ್ಲಿ ಇದೇ ಸ್ಥಿತಿ ತರಲು ತಳದಲ್ಲಿ ಸ್ವಲ್ಪ ನೀರು ಸದಾ ನಿಲ್ಲುವಂತೆ ಹೊರಗೊಳವೆಯನ್ನು ಎತ್ತರಿಸಿ, ಮರದ ಚಕ್ಕೆ ಬೆರೆಸುತ್ತಾರೆ. ತಳದ ಆ ನೀರು ಬೇಸಿಗೆಯಲ್ಲಿ ಗಿಡಗಳಿಗೂ ಒದಗುತ್ತದೆ.

ಎಣ್ಣೆಯಂಥ ಸಾವಯವ ವಿಷಗಳನ್ನು ಒಡೆಯುವುದೂ ಬೇರಿನ ಸುತ್ತಲ ಜೀವಿಗಳೇ. ಅಮೆರಿಕದ ಮಿನಿಯಾಪೊಲಿಸ್ ಸುತ್ತಮುತ್ತಲ 58 ಮಳೆತೋಟಗಳ ಮಣ್ಣನ್ನು ಪರೀಕ್ಷಿಸಿದಾಗ, ಬರೀ ಹುಲ್ಲುಹಾಸು ಅಥವಾ ತೊಗಟೆಚೂರು ಹಾಸಿದವುಗಳಿಗಿಂತ ಆಳ ಬೇರಿನ ಗಿಡಗಳಿದ್ದವುಗಳಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚಿತ್ತು. ಸಿಯಾಟಲ್ ಸುತ್ತಲ ತೊರೆಗಳಲ್ಲಿ ಪ್ರತಿ ಶರತ್ಕಾಲದ ಮಳೆಗೆ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಟೈರಿಗೆ ಬೆರೆಸುವ ರಾಸಾಯನಿಕವೊಂದು ಓಜೋನ್ ತಾಗಿ ಮಾರ್ಪಟ್ಟು ಈ ಸಾವಿಗೆ ಕಾರಣವಾಗುತ್ತಿದೆ ಎಂದು ಪತ್ತೆಯಾದದ್ದು 2020ರ ಡಿಸೆಂಬರ್‌ನಲ್ಲಿ. ವಿಷ ಯಾವುದೆಂದು ತಿಳಿಯುವ ಐದು ವರ್ಷ ಮೊದಲೇ, ಹೆದ್ದಾರಿಯಿಂದ ಹರಿದ ಮಳೆನೀರನ್ನು ಸೋಸುಮಣ್ಣಿನ ಮೂಲಕ ಹಾಯಿಸಿ ಬಿಟ್ಟರೆ ಮೀನು ಬದುಕುತ್ತದೆ ಎಂದು ಪ್ರಯೋಗಗಳು ತೋರಿಸಿದ್ದವು. ಇಲ್ಲಿ ಸೋಸಿದ ಶ್ರೇಯ ಬಹುಪಾಲು ಮಣ್ಣಿಗೇ ಸಲ್ಲಬೇಕು.

ಸಸ್ಯವೇ ಕೊಳೆಯ ಮೂಲವಾಗುವುದೂ ಉಂಟು. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ನಡೆಸಿದ ಅಧ್ಯಯನದ ಪ್ರಕಾರ, ಮರ ತುಂಬಿದ ಬೀದಿಗಳ ಚರಂಡಿಗೆ ವರ್ಷವಿಡೀ ಸೇರುವ ರಂಜಕದಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಎಲೆ ಉದುರುವ ಕಾಲದಲ್ಲಿ. ಮಳೆ ಬರುವ ಮೊದಲೇ ರಸ್ತೆಯ ತರಗೆಲೆ ಗುಡಿಸಿದಾಗ ಆ ಕಾಲದ ರಂಜಕ ಶೇ. 84ರಷ್ಟು ಇಳಿಯಿತು. ನೆನೆದ ಎಲೆ ಚಹಾಪುಡಿಯಂತೆ ಸತ್ವ ಬಿಡುತ್ತದೆ. ಮರದ ಬುಡದಲ್ಲಿ ಬಿದ್ದರೆ ಗೊಬ್ಬರವಾಗುವ ಅದೇ ಎಲೆ ಡಾಂಬರಿನ ಮೇಲೆ ಬಿದ್ದರೆ ಕೆರೆಯ ಪಾಚಿಗೆ ಆಹಾರವಾಗುತ್ತದೆ.

ಜೀವಜಾಲ

ಮಳೆನೀರಿನ ತೋಟ ಒಮ್ಮೆ ನೆಲೆಗೊಂಡರೆ ಗಿಡಗಳ ಆಚೆಗೂ ಜೀವ ಸೇರುತ್ತದೆ. ಎರೆಹುಳು ತರಗೆಲೆಯನ್ನು ಎಳೆದೊಯ್ದು ಮಣ್ಣನ್ನು ಸಡಿಲ ಮಾಡುತ್ತದೆ, ಜೇನು ಚಿಟ್ಟೆಗಳು ಹೂವಿಗೆ ಬರುತ್ತವೆ, ಅವುಗಳ ಹಿಂದೆ ಹಕ್ಕಿ. ಇದನ್ನು ದೊಡ್ಡ ಪ್ರಮಾಣದಲ್ಲಿ ಕಾಣುವುದು ಸಿಂಗಪುರದ ಬಿಶಾನ್–ಆಂಗ್ ಮೊ ಕಿಯೊ ಉದ್ಯಾನದಲ್ಲಿ. 2006ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಡಿ, ಉದ್ಯಾನದ ಅಂಚಿನಲ್ಲಿ ನೇರವಾಗಿ ಹರಿಯುತ್ತಿದ್ದ 2.7 ಕಿ.ಮೀ. ಕಾಂಕ್ರೀಟ್ ಕಾಲುವೆಯನ್ನು ಒಡೆದು, ಉದ್ಯಾನದೊಳಗೆ ಬಳುಕಿ ಹರಿಯುವ 3.2 ಕಿ.ಮೀ. ನದಿಯನ್ನಾಗಿ ಮಾಡಿ 2012ರಲ್ಲಿ ತೆರೆದರು. ದಡವನ್ನು ಹಿಡಿದಿಡುವುದು ಗಿಡದ ಬೇರು, ಕಲ್ಲು ಮತ್ತು ನಾರಿನ ಹಾಸು. ಉಷ್ಣವಲಯದ ಮಳೆಗೆ ಯಾವ ಕಟ್ಟು ನಿಲ್ಲುತ್ತದೆಂದು ಮೊದಲು ಉದ್ಯಾನದೊಳಗಿನ 60 ಮೀಟರ್ ಉದ್ದದ ಚರಂಡಿಯಲ್ಲಿ ಹತ್ತು ಬಗೆಯ ವಿಧಾನಗಳನ್ನು ನೆಟ್ಟು ನೋಡಿದ್ದರು. ಕಡ್ಡಿಗಳ ಕಟ್ಟು, ಚಿಗುರುವ ಕೊಂಬೆಗಳ ಹಾಸು, ಕಲ್ಲಿನ ಸಂದಿನಲ್ಲಿ ನೆಟ್ಟ ತುಂಡುಗಳು ಅವುಗಳಲ್ಲಿ ಕೆಲವು. ಈಗ ಅಲ್ಲಿ ನೀರುನಾಯಿಗಳು ಮರಿಗಳೊಂದಿಗೆ ಓಡಾಡುತ್ತವೆ, ಅವನ್ನು ಯಾರೂ ತಂದು ಬಿಟ್ಟದ್ದಲ್ಲ.

ನೀರು ನಿಲ್ಲಿಸಿದರೆ ಸೊಳ್ಳೆ ಬರುತ್ತದೆ ಎಂಬ ಆಕ್ಷೇಪ ಭಾರತದ ಊರುಗಳಲ್ಲಿ ಸಹಜ. ಸೊಳ್ಳೆಯ ಮೊಟ್ಟೆ ರೆಕ್ಕೆಬಲಿತ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಸರಿಯಾಗಿ ಕಟ್ಟಿದ ಮಳೆತೋಟದ ಮೇಲ್ಮೈ ನೀರು ಎರಡು ಮೂರು ದಿನಗಳೊಳಗೆ ಇಂಗಿಹೋಗುತ್ತದೆ, ಬೇರು ದಾರಿ ತೆರೆದಿಟ್ಟಿರುವಷ್ಟು ಕಾಲವೂ ಹಾಗೆ. ಸದಾ ನೀರಿರುವ ಜೌಗಿನಲ್ಲಿ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಸಮಸ್ಯೆ ಬರುವುದು ಕೊಳಚೆ ಸೇರಿ ಮೀನು ಬದುಕದ ನೀರಿನಲ್ಲಿ.

ಗಿಡಗಳ ಆಯ್ಕೆ

ಮಳೆತೋಟವೆಂದರೆ ನೀರುಪ್ರಿಯ ಗಿಡಗಳ ಜಾಗ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಅದರ ಮಣ್ಣು ಮರಳುಮಿಶ್ರಿತ, ಬೇಗ ಬಸಿಯುವಂಥದು. ವರ್ಷದ ಬಹುಪಾಲು ದಿನ ಅದು ಒಣನೆಲ. ಕೆಸುವನ್ನೋ ಕಾಬಾಳೆಯನ್ನೋ ತಂದು ನೆಟ್ಟರೆ ಮಳೆಗಾಲದಲ್ಲಿ ಚೆಲುವಾಗಿ ನಿಂತು ಮಾರ್ಚ್ ಹೊತ್ತಿಗೆ ಸೊರಗುತ್ತದೆ. ಬೇಕಾದುದು ಒಂದೆರಡು ದಿನ ಮುಳುಗಿದರೂ ಸಾಯದ, ನಾಲ್ಕು ತಿಂಗಳು ನೀರಿಲ್ಲದಿದ್ದರೂ ಸಾಯದ ಗಿಡ. ಅಂಥವು ಸಿಗುವುದು ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳ ದಡದಲ್ಲಿ. ದಕ್ಷಿಣ ಕರ್ನಾಟಕದ ಹಳ್ಳದ ಅಂಚಿನ ಲಕ್ಕಿ, ಹೊಂಗೆ, ಹೊಳೆಮತ್ತಿ, ನೆಲ ಹಿಡಿಯುವ ಗರಿಕೆ, ತುಂಗೆ ಇವುಗಳ ಹುಟ್ಟುಗುಣವೇ ಇದು. ತಗ್ಗಿನ ತಳ, ಇಳಿಜಾರು, ಅಂಚು ಮೂರರ ತೇವವೂ ಬೇರೆಯಾದ್ದರಿಂದ ಮೂರಕ್ಕೂ ಬೇರೆ ಗಿಡ ಆರಿಸುವುದು ವಾಡಿಕೆ.

ಲಾವಂಚಕ್ಕೆ ಈ ಪಟ್ಟಿಯಲ್ಲಿ ವಿಶೇಷ ಸ್ಥಾನವಿದೆ. ಅದರ ಬೇರು ಅಡ್ಡಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೊದಲ ವರ್ಷವೇ ಮೂರು ಮೀಟರಿನಷ್ಟು ಆಳಕ್ಕೆ ಹೋಗಬಲ್ಲದು. ಬುಡದ ಒತ್ತಾದ ಕಾಂಡಗಳು ಹರಿವ ನೀರನ್ನು ಸೋಸಿ ಹೂಳನ್ನು ಹಿಂದೆಯೇ ನಿಲ್ಲಿಸುತ್ತವೆ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಗಡಿಗೆ ಲಾವಂಚದ ಸಾಲು ನೆಡುವುದು ತಲೆಮಾರುಗಳ ಪದ್ಧತಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿಗೆ ಲಾವಂಚವನ್ನು ಜಗತ್ತಿಗೆಲ್ಲ ಶಿಫಾರಸು ಮಾಡುವಾಗ ಈ ಹೊಲಗಳನ್ನೂ ಉದಾಹರಣೆಯಾಗಿ ತೋರಿಸಿದರು. ಆದರೂ ಎಲ್ಲ ಜಾಗಕ್ಕೂ ಎಲ್ಲ ಗಿಡ ಸಲ್ಲದು. ಕೆರೆಯ ಮಣ್ಣಿನ ಏರಿಯ ಮೇಲೆ ದೊಡ್ಡ ಮರ ಬೆಳೆಯಲು ಬಿಟ್ಟರೆ, ಮುಂದೆ ಅದರ ಬೇರು ಕೊಳೆತ ದಾರಿಯಲ್ಲೇ ನೀರು ಜಿನುಗಿ ಏರಿ ಒಡೆಯಬಹುದು. ಇಂಗುಗುಂಡಿಯಲ್ಲಿ ವರವಾದ ಗುಣವೇ ಅಲ್ಲಿ ಅಪಾಯ.

ಬೆಂಗಳೂರಿನ ಕೆರೆಗಳು

ದೊಡ್ಡ ನದಿಯಿಲ್ಲದ, ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರು ಮಳೆನೀರನ್ನು ಕೆರೆಗಳ ಸರಣಿಯಲ್ಲಿ ಹಿಡಿದು ಬೆಳೆದ ಊರು. ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ. ಕಾಲುವೆ ಕೆರೆಯನ್ನು ಸೇರುವ ಆಳವಿಲ್ಲದ ಬಾಯಲ್ಲಿ ಜೊಂಡು, ಆಪು ಬೆಳೆದು ಹೂಳನ್ನು ತಡೆಯುತ್ತಿದ್ದವು. ಈಗ ಹೆಚ್ಚಿನ ರಾಜಕಾಲುವೆಗಳಿಗೆ ಕಾಂಕ್ರೀಟ್ ಗೋಡೆಗಳಿವೆ, ಮಳೆನೀರಿನ ಜೊತೆ ವರ್ಷವಿಡೀ ಕೊಳಚೆಯೂ ಹರಿಯುತ್ತದೆ. ಇದರಿಂದ ಸಸ್ಯದ ಪಾತ್ರವೇ ಬದಲಾಗಿಬಿಡುತ್ತದೆ. ಮಳೆನೀರಿಗೆ ಹೊಂದಿಕೊಂಡ ಗಿಡಗಳು ನೆನೆದು ಒಣಗುವ ಸರದಿಯನ್ನು ಕಾಣುವುದಿಲ್ಲ; ಬಿಡುವಿಲ್ಲದೆ ಬರುವ ಸಾರಜನಕ ರಂಜಕಗಳನ್ನು ತಿಂದು ಕೊಬ್ಬುವ ಕೆಲವೇ ಜಾತಿಗಳು ಗೆಲ್ಲುತ್ತವೆ. ಬೆಳ್ಳಂದೂರು ಕೆರೆಯನ್ನು ಮುಚ್ಚಿದ ವಾಟರ್ ಹಯಸಿಂತ್ ಇದಕ್ಕೆ ಉದಾಹರಣೆ. ದಕ್ಷಿಣ ಅಮೆರಿಕ ಮೂಲದ ಈ ತೇಲುಗಿಡ ಪೋಷಕಾಂಶಗಳನ್ನು ವೇಗವಾಗಿ ಹೀರುತ್ತದೆ ನಿಜ. ಆದರೆ ತೆಗೆಯದೆ ಬಿಟ್ಟರೆ ಅಲ್ಲೇ ಕೊಳೆತು ಎಲ್ಲವನ್ನೂ ನೀರಿಗೆ ಮರಳಿಸುತ್ತದೆ, ಜೊತೆಗೆ ಆಮ್ಲಜನಕವನ್ನೂ ಕಸಿಯುತ್ತದೆ. 2015ರಲ್ಲಿ ಆ ಕೆರೆಯ ನೊರೆ ರಸ್ತೆಗೆ ಹಾರಿ ಸುದ್ದಿಯಾಯಿತು, 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿದ್ದದ್ದೂ ಸುದ್ದಿಯಾಯಿತು.

ಜಕ್ಕೂರು ಕೆರೆಯಲ್ಲಿ ಬೇರೆ ದಾರಿ ಹಿಡಿದರು. ಕೊಳಚೆ ಶುದ್ಧೀಕರಣ ಘಟಕದಿಂದ ಬಂದ ನೀರು ನೇರ ಕೆರೆಗೆ ಬೀಳದೆ, ಮೊದಲು ಜೊಂಡು ತುಂಬಿದ ಜೌಗನ್ನು ಹಾದು ಬರುತ್ತದೆ. ಘಟಕ ಬಿಟ್ಟ ಪೋಷಕಾಂಶಗಳಲ್ಲಿ ಒಂದು ಪಾಲನ್ನು ಜೌಗು ತಡೆಯುತ್ತದೆ. ಕೆರೆಯಲ್ಲಿ ಮೀನುಗಾರಿಕೆ ನಡೆಯುತ್ತದೆ, ಸುತ್ತಲ ಬಾವಿಗಳಿಗೆ ನೀರು ಮರಳಿದೆ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಸಾಗುವ ಕೆ-100 ರಾಜಕಾಲುವೆಯ ದಡಗಳಲ್ಲಿ ಗಿಡ ನೆಟ್ಟು ನಡಿಗೆಯ ಹಾದಿ ಮಾಡುವ ಕೆಲಸವೂ ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದರಿಂದಲೇ ಆರಂಭವಾಗಬೇಕಾಯಿತು. ಕೊಳಚೆಯನ್ನೂ ಮಳೆನೀರನ್ನೂ ಬೇರ್ಪಡಿಸದೆ ಗಿಡ ನೆಡುವುದು ಕ್ರಮ ತಪ್ಪಿದ ಕೆಲಸ. ಗಿಡಗಳು ಆ ಹೊರೆಯನ್ನು ಹೊರಲಾರವು.

ಮಿತಿ ಮತ್ತು ಪಾಲನೆ

ಅತಿವೃಷ್ಟಿಯ ಮುಂದೆ ಹಸಿರು ವ್ಯವಸ್ಥೆಗಳ ಶಕ್ತಿ ಸೀಮಿತ. ಚೀನಾದ ಝೆಂಗ್‌ಝೌ ನಗರ ಸ್ಪಂಜು ನಗರ ಕಾಮಗಾರಿಗಳಿಗೆ ಅಪಾರ ಹಣ ತೊಡಗಿಸಿತ್ತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿದು ಸುರಂಗ ರೈಲಿನಲ್ಲೂ ಜನ ಮುಳುಗಿ ಸತ್ತರು. ಮಳೆತೋಟ, ಹುಲ್ಲುಗಾಲುವೆಗಳನ್ನು ಲೆಕ್ಕ ಹಾಕಿ ಕಟ್ಟುವುದು ವರ್ಷದಲ್ಲಿ ಹಲವು ಸಲ ಬರುವ ಸಾಧಾರಣ ಮಳೆಗೆ. ಕೊಳೆಯ ಬಹುಭಾಗ ತರುವುದೂ, ಅಂತರ್ಜಲಕ್ಕೆ ಒದಗುವುದೂ ಆ ಮಳೆಯೇ. ನೂರು ವರ್ಷಕ್ಕೊಮ್ಮೆ ಬರುವ ಮಳೆಗೆ ದೊಡ್ಡ ಕಾಲುವೆ, ಖಾಲಿ ಕೆರೆ, ಕಟ್ಟಡವಿಲ್ಲದ ತಗ್ಗುನೆಲ ಬೇಕೇ ಬೇಕು.

ನೆಟ್ಟ ಮೊದಲ ಎರಡು ವರ್ಷ ಪಾಲನೆ ನಿರ್ಣಾಯಕ. ಬೇರು ಆಳಕ್ಕಿಳಿಯುವವರೆಗೆ ಬೇಸಿಗೆಯಲ್ಲಿ ನೀರು ಹಾಕಬೇಕು, ಕಳೆ ಕೀಳಬೇಕು, ನೀರು ಒಳಬರುವ ಬಾಯಿಯ ಹೂಳು, ಪ್ಲಾಸ್ಟಿಕ್ ತೆಗೆಯಬೇಕು. ರಾಸಾಯನಿಕ ಗೊಬ್ಬರ ಹಾಕುವಂತಿಲ್ಲ, ಹಾಕಿದರೆ ತಡೆಯಬೇಕಾದ ಸಾರಜನಕವನ್ನು ತಾನೇ ಸುರಿದಂತೆ. ಕಾಂಪೋಸ್ಟ್ ಕೂಡ ಹೆಚ್ಚಾದರೆ ಮೊದಲ ಮಳೆಗಳಲ್ಲಿ ರಂಜಕ ಸೋರುತ್ತದೆ. ಪೋಷಕಾಂಶ ನಿಜವಾಗಿ ಹೊರಹೋಗಬೇಕಾದರೆ ಗಿಡವನ್ನು ಕೊಯ್ದು ಸಾಗಿಸಬೇಕು, ಕೊಯ್ಯುವ ಕಾಲವೂ ಮುಖ್ಯ. ಜೊಂಡು ಬೆಳವಣಿಗೆ ಮುಗಿಸಿ ಒಣಗುವ ಮುನ್ನ ಎಲೆಯಲ್ಲಿದ್ದ ಸಾರಜನಕ ರಂಜಕಗಳನ್ನು ಕೆಸರಿನೊಳಗಿನ ಗಡ್ಡೆಗೆ ಇಳಿಸಿಕೊಳ್ಳುತ್ತದೆ. ಪೂರ್ತಿ ಒಣಗಿ ಕಂದಾದ ಮೇಲೆ ಕೊಯ್ದರೆ ಸಿಗುವುದು ಬರೀ ನಾರು. ಹಸಿರಾಗಿರುವಾಗಲೇ, ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದರೆ ಗಿಡವೂ ಮತ್ತೆ ಚಿಗುರುತ್ತದೆ, ಪೋಷಕಾಂಶವೂ ಹೊರಬರುತ್ತದೆ. ಕೊಯ್ದ ಜೊಂಡನ್ನು ಚಾಪೆ ಹೆಣೆಯಲು, ಮುಚ್ಚಿಗೆಗೆ, ಕಾಂಪೋಸ್ಟಿಗೆ ಬಳಸಬಹುದು. ಹೆದ್ದಾರಿಯ ಅಥವಾ ಕಾರ್ಖಾನೆ ಪ್ರದೇಶದ ನೀರು ಕುಡಿದು ಬೆಳೆದದ್ದಾದರೆ ಲೋಹಗಳ ಪರೀಕ್ಷೆಯಿಲ್ಲದೆ ಅದನ್ನು ದನಕ್ಕೆ ಹಾಕುವುದೂ ಸೊಪ್ಪಿನ ಮಡಿಗೆ ಗೊಬ್ಬರವಾಗಿ ಕೊಡುವುದೂ ಸಲ್ಲದು.